ನಾಲ್ಕೂ ಹತ್ತರ ಗಡಿಯಾರ

ಎಲ್ಲಕ್ಕೂ ಮೂಲ ಒಂದು ಹೇರ್‌ಪಿನ್ನು.

ಐವತ್ತೊಂದು ವರ್ಷದ ಹಿಂದೆ, ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಏಳು ವರ್ಷದ ಮೊಮ್ಮಗ ಆ ಹೇರ್‌ಪಿನ್ನಿನ ತುದಿಯಿಂದ ಅವಳ ಗಡಿಯಾರದ ಬೆನ್ನಿನ ಮುಚ್ಚಳ ಎಬ್ಬಿಸಿದ್ದ. ಪ್ರತಿದಿನ ಅಜ್ಜಿಯ ಎದೆಗೆ ಕಿವಿಯಿಟ್ಟು ಮಲಗಿದಾಗ ಒಳಗಿನಿಂದ ಟಿಕ್ ಟಿಕ್ ಅನ್ನುವವರು ಯಾರು ಎಂದು ನೋಡುವುದಷ್ಟೇ ಅವನ ಉದ್ದೇಶ. ಒಳಗೆ ಯಾರೂ ಇರಲಿಲ್ಲ. ಹಲ್ಲಿನ ಚಕ್ರಗಳಿದ್ದವು, ಒಂದೂ ಅಲುಗುತ್ತಿರಲಿಲ್ಲ. ಗಾಬರಿಯಿಂದ ಮುಚ್ಚಳ ಒತ್ತಿ ಕಿವಿಗಿಟ್ಟುಕೊಂಡ. ಸದ್ದೇ ಇಲ್ಲ. ಮುಳ್ಳುಗಳು ನಾಲ್ಕೂ ಹತ್ತಕ್ಕೆ ನಿಂತಿದ್ದವು. ಗಂಟೆಯ ಮುಳ್ಳು ನಾಲ್ಕನ್ನು ದಾಟಿ ಸ್ವಲ್ಪ ಜಾಸ್ತಿಯೇ ಮುಂದೆ ಸರಿದಂತಿತ್ತು. ಅದೂ ಪಿನ್ನು ತಾಗಿದ್ದರಿಂದಲೇ ಎಂದು ಹುಡುಗ ತೀರ್ಮಾನಿಸಿದ.

ಅಜ್ಜಿ ಸ್ನಾನ ಮುಗಿಸಿ ಬಂದಳು. ಎಂದಿನಂತೆ ಗಡಿಯಾರವನ್ನು ಎದೆಗೆ ಸಿಕ್ಕಿಸಿಕೊಂಡು ಹೊರಟಳು. ಅಂದಿನಿಂದ ಅವನು ಅಜ್ಜಿಯ ಎದೆಗೆ ಕಿವಿಯಿಡಲಿಲ್ಲ.

ಅವಳು ಸೂಲಗಿತ್ತಿ. ಎರಡು ಕೈಯೂ ಸದಾ ಕೆಲಸದಲ್ಲಿ. ಅದಕ್ಕೇ ಗಡಿಯಾರ ಎದೆಯ ಮೇಲೆ. ಬಿಸಿನೀರಿನ ಹಬೆ ತಾಗಿ, ಒರೆಸಿ ಒರೆಸಿ, ಅದರ ಅಂಕಿಗಳೆಲ್ಲ ಅಳಿಸಿಹೋಗಿ ಎರಡು ಮುಳ್ಳು ಮಾತ್ರ ಉಳಿದಿದ್ದವು. ನಿಜ ಹೇಳಬೇಕೆಂದರೆ ಅವಳಿಗೆ ಗಡಿಯಾರ ಬೇಕೂ ಇರಲಿಲ್ಲ. ನೋವಿಗೂ ನೋವಿಗೂ ನಡುವಿನ ಹೊತ್ತನ್ನು ಅವಳು ಪದ್ಯದಲ್ಲಿ ಅಳೆಯುತ್ತಿದ್ದಳು. ಆರು ಸಾಲಿನ ದೇವರ ಪದ್ಯ, ಮೆಲುದನಿಯಲ್ಲಿ, ಒಂದರ ಹಿಂದೊಂದು. ಎಂಟು ಪದ್ಯಕ್ಕೊಂದು ನೋವಾದರೆ ಇನ್ನೂ ಹೊತ್ತಿದೆ, ಮಲಗಮ್ಮ. ಎರಡು ಪದ್ಯಕ್ಕೊಂದಾದರೆ ನೀರು ಕಾಯಲಿ. ಪದ್ಯದ ನಡುವೆಯೇ ನೋವು ಬಂದರೆ ಗಂಡಸರೆಲ್ಲ ಹೊರಗೆ. ಹಾಗೆ ದೇವರ ಹೆಸರು ಕೇಳುತ್ತಲೇ ಆ ಪೇಟೆಯ ಒಂದು ತಲೆಮಾರು ಹುಟ್ಟಿತು.

ಮಗು ಅತ್ತ ಕೂಡಲೇ ಅಪ್ಪನಾದವನು ಬಾಗಿಲಿನಿಂದ ಇಣುಕಿ, "ಗಂಟೆ ಎಷ್ಟಮ್ಮ?" ಎನ್ನುವನು. ಅಜ್ಜಿ ಒದ್ದೆಕೈ ಎತ್ತದೆ, "ನೀನೇ ನೋಡ್ಕೋಪ್ಪ" ಎಂದು ಎದೆ ತಿರುಗಿಸುವಳು. ಅವನು ನಾಲ್ಕೂ ಹತ್ತು ಎಂದು ಬರೆದುಕೊಳ್ಳುವನು. ಆಗತಾನೆ ಮಧ್ಯಾಹ್ನದ ಊಟಕ್ಕೆ ಕೂತಿದ್ದವರು, "ಅಯ್ಯೋ, ಗಡಿಬಿಡೀಲಿ ಊಟ ಎಷ್ಟು ತಡವಾಯ್ತು ನೋಡಿ" ಎಂದು ಬೇಗಬೇಗ ತುತ್ತು ನುಂಗಿದ್ದೂ ಉಂಟು. ಸೂಲಗಿತ್ತಮ್ಮನ ಗಡಿಯಾರದ ಮೇಲೆ ಅಂಥ ಭಕ್ತಿ.

ಹೀಗಾಗಿ ಪೇಟೆಯ ತುಂಬ ನಾಲ್ಕೂ ಹತ್ತಕ್ಕೆ ಹುಟ್ಟಿದವರೇ. ಅವರಿಗೆ ಅದೊಂದು ಹೆಮ್ಮೆ. ನಿಜ ಗೊತ್ತಿದ್ದವನು ಆ ಮೊಮ್ಮಗ ಒಬ್ಬನೇ. ಹೆಂಡತಿಗೂ ಹೇಳದೆ ಐವತ್ತೊಂದು ವರ್ಷ ಅದನ್ನು ಗಂಟಲಲ್ಲಿ ಮುಳ್ಳಿನಂತೆ ಇಟ್ಟುಕೊಂಡಿದ್ದ.

ಅವನನ್ನು ಎಲ್ಲರೂ ಕರೆಯುವುದು ಮೊಳೆಯಣ್ಣ ಎಂದು. ಅಚ್ಚಿನ ಮನೆಯಲ್ಲಿ ನಲವತ್ತು ವರ್ಷ. ಮೊದಲು ಸೀಸದ ಅಚ್ಚುಮೊಳೆ, ಅಂದರೆ ಒಂದೊಂದೇ ಅಕ್ಷರ, ಜೋಡಿಸುವ ಕೆಲಸ. ಮೊಳೆಗಳು ಹೋಗಿ ಕಂಪ್ಯೂಟರ್ ಬಂದಮೇಲೆ ಕರಡು ತಿದ್ದುವ ಕೆಲಸ. ತಲೆಕೆಳಗಾದ ಅಕ್ಷರವನ್ನು ಬೇರೆಯವರು ನೆಟ್ಟಗಿನ ಅಕ್ಷರ ಓದುವುದಕ್ಕಿಂತ ಬೇಗ ಓದುವನು. ಪೂರ್ಣವಿರಾಮದ ಮುಂದೆ ಕೂದಲೆಳೆಯಷ್ಟು ಜಾಗ ಜಾಸ್ತಿಯಾದರೂ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಇಂದು ಅವನ ಕೆಲಸದ ಕೊನೆಯ ದಿನ.

"ಮೊಳೆಯಣ್ಣ," ಎಂದರು ಯಜಮಾನರು ಬೆಳಿಗ್ಗೆಯೇ, "ಅಚ್ಚಿನ ಮನೆ ಕಡೆಯಿಂದ ನಿಮಗೊಂದು ಒಳ್ಳೇ ಗಡಿಯಾರ. ನೀವೇ ಹೋಗಿ ಆರಿಸಿ. ಸಂಜೆ ನಾಲ್ಕೂ ಹತ್ತಕ್ಕೆ ಸರಿಯಾಗಿ ಕಾರ್ಯಕ್ರಮ. ನಾವೆಲ್ಲ ಹುಟ್ಟಿದ ಗಳಿಗೆ ನೋಡಿ!"

ಮೊಳೆಯಣ್ಣ ತಲೆಯಾಡಿಸಿದ. ಅಲ್ಲೇ ಮನಸ್ಸಿನಲ್ಲಿ ಒಂದು ನಿರ್ಧಾರವನ್ನೂ ಮಾಡಿದ. ಅಜ್ಜಿಯಂತೆಯೇ ಎದೆಗೆ ಸಿಕ್ಕಿಸಿಕೊಳ್ಳುವ, ಚೆನ್ನಾಗಿ ಓಡುವ ಗಡಿಯಾರ ಕೊಳ್ಳಬೇಕು. ಅದನ್ನು ಹಾಕಿಕೊಂಡು, ಎಲ್ಲರೆದುರು, ನಿಮ್ಮ ಹುಟ್ಟಿದ ಹೊತ್ತು ಕೆಡಿಸಿದವನು ನಾನು ಎಂದು ಹೇಳಿಬಿಡಬೇಕು. ನಾಳೆಯಿಂದ ಈ ಜನ ಒಟ್ಟಿಗೆ ಸಿಗುವುದಿಲ್ಲ. ಅಜ್ಜಿ ಸತ್ತು ಇಪ್ಪತ್ತೆಂಟು ವರ್ಷವಾಯಿತು. ಅವಳಿಗೆ ಹೇಳುವುದು ಆಗಲೇ ತಪ್ಪಿಹೋಗಿದೆ.

ಮಾದರಿಗೆಂದು ಅಜ್ಜಿಯ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಸದ್ದಿಲ್ಲದೆ ಹೊರಟ. ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದೆ ಇಬ್ಬರು.

ಒಬ್ಬ ಮಷಿನ್ ನಡೆಸುವವನು. ಮಷಿನ್ನಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದು ಮರೆತುಹೋಗಿ, ಗಡಗಡ ಎಂಬ ಹೆಸರು ಗಳಿಸಿದ್ದ. ಇನ್ನೊಬ್ಬಳು ಬೈಂಡಿಂಗ್ ಅಕ್ಕ. ಮೊಳೆಯಣ್ಣನಿಗಿಂತ ಎರಡು ವರ್ಷ ಚಿಕ್ಕವಳಾದರೂ ಯಜಮಾನರಿಂದ ಹಿಡಿದು ಎಲ್ಲರಿಗೂ ಅಕ್ಕ. ಅವಳೂ ಹುಟ್ಟಿದ್ದು ನಾಲ್ಕೂ ಹತ್ತಕ್ಕೇ. ಆದರೆ ಅವಳು ಹುಟ್ಟಿದಾಗ ಮೊಳೆಯಣ್ಣನಿಗೆ ಎರಡೇ ವರ್ಷ, ಹೇರ್‌ಪಿನ್ನಿನ ಸಂಗತಿ ನಡೆದಿರಲಿಲ್ಲ. ಆದ್ದರಿಂದ ಇಡೀ ಪೇಟೆಯಲ್ಲಿ ನಿಜವಾಗಿ ನಾಲ್ಕೂ ಹತ್ತಕ್ಕೆ ಹುಟ್ಟಿದವಳು ಅಕ್ಕ ಒಬ್ಬಳೇ, ಅದೊಂದು ಕಾಕತಾಳೀಯ ಎಂದು ಅವನು ನಂಬಿದ್ದ. ಸಾವಿರ ಪುಟದ ಪುಸ್ತಕದಲ್ಲಿ ಒಂದು ಅಲ್ಪವಿರಾಮ ಬಿಡದವನಿಗೆ ಈ ಲೆಕ್ಕ ಮಾತ್ರ ಎಂದೂ ಅನುಮಾನ ಹುಟ್ಟಿಸಿರಲಿಲ್ಲ.

"ಒಬ್ರೇ ಹೋಗಿ ಏನು ಆರಿಸ್ತೀರಾ ಅಣ್ಣ?" ಎಂದಳು ಅಕ್ಕ. "ನಿಮಗೆ ಅಂಗಡಿಯವನು ಟೋಪಿ ಹಾಕಿದ್ರೆ, ಅಳತೆ ಸರಿಯಾಗಿದೆ ಅಂತ ಥ್ಯಾಂಕ್ಸ್ ಹೇಳಿ ಬರೋರು ನೀವು."

ಗಡಿಯಾರದ ಅಂಗಡಿ ಮೂರನೇ ಬೀದಿಯಲ್ಲಿ. ಮುಂದೆ ಗಾಜಿನ ಕಪಾಟು, ಹಿಂದೆ ಒಂದು ಕಿಂಡಿ. ಕಿಂಡಿಯ ಆಚೆ ರಿಪೇರಿ ತಾತ. ತಾತ ಹತ್ತೂವರೆಗೆ ತಿಂಡಿಗೆ ಹೋದವರು ಇನ್ನೂ ಬಂದಿರಲಿಲ್ಲ. ಮುಂದಿದ್ದವನು ಹರೆಯದ ಹೊಸ ಮಾರಾಟಗಾರ. ಟೈ ಕಟ್ಟಿದ್ದ, ಅದು ಅವನನ್ನೇ ಕಟ್ಟಿಹಾಕಿದಂತಿತ್ತು.

"ಅಣ್ಣ, ಇದು ನೋಡಿ!" ಗಡಗಡನ ದನಿಗೆ ಕಪಾಟಿನ ಗಾಜು ನಡುಗಿತು. "ನೂರು ಅಡಿ ನೀರೊಳಗೆ ಹೋದ್ರೂ ಏನೂ ಆಗಲ್ವಂತೆ!"

"ಗಡಿಯಾರಕ್ಕೆ ಆಗಲ್ಲಪ್ಪ. ನನಗೇನಾಗುತ್ತೆ ಅಂತ ಕೇಳು."

"ಸುಮ್ನಿರು ಗಡಗಡ," ಎಂದಳು ಅಕ್ಕ. "ಈ ಬಂಗಾರದ ಬಣ್ಣದ್ದು ಹಾಕ್ಕೊಳ್ಳಿ ಅಣ್ಣ. ನಿಮ್ಮ ಕಪ್ಪು ಕೈಗೆ, ಕರೀ ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತಿದಂಗಿರುತ್ತೆ."

"ಸಾರ್, ಇದು ನಿಮ್ಮ ವಯಸ್ಸಿನವರಿಗೆ," ಎಂದು ಮಾರಾಟಗಾರ ಒಂದು ಕಪ್ಪು ಪಟ್ಟಿ ತೋರಿಸಿದ. "ಎಷ್ಟು ಹೆಜ್ಜೆ ನಡೆದ್ರಿ ಹೇಳುತ್ತೆ. ಎದೆ ಬಡಿತ ಕೂಡ ಎಣಿಸುತ್ತೆ."

"ಎದೆ ಬಡಿತ ಎಣಿಸೋಕೆ ಗಡಿಯಾರ ಯಾಕಪ್ಪ?" ಎಂದ ಮೊಳೆಯಣ್ಣ. ಆಮೇಲೆ ಗಂಟಲು ಸರಿಮಾಡಿಕೊಂಡು, ಮದುವೆಗೆ ಹುಡುಗಿ ಕೇಳುವವನಂತೆ ನೆಲ ನೋಡುತ್ತ ಹೇಳಿದ: "ನನಗೆ ಎದೆಗೆ ಸಿಕ್ಕಿಸಿಕೊಳ್ಳೋದು ಬೇಕು. ಇಂಥದ್ದು." ಕರವಸ್ತ್ರ ಬಿಡಿಸಿದ.

ಇಬ್ಬರೂ ಹತ್ತಿರ ಬಂದರು. ಅಕ್ಕ ಕೈ ಮುಗಿದಳು. "ಅಮ್ಮನ ಗಡಿಯಾರ... ನಾಲ್ಕೂ ಹತ್ತು ತೋರಿಸ್ಕೊಂಡು ನಿಂತಿದೆಯಲ್ಲ! ಅವರು ಹೋದಾಗಲೇ ಇದೂ ನಿಂತಿತೇನೋ. ಎಂಥಾ ಪುಣ್ಯಾತ್ಮರು!"

 ಸಂಜೆಯವರೆಗೆ ತಾಳಬೇಕು ಎಂದುಕೊಂಡ ಮೊಳೆಯಣ್ಣ.

ಮಾರಾಟಗಾರ ಕೆಳಗಿನ ಖಾನೆಯಿಂದ, ಧೂಳು ಊದಿ, ಒಂದು ಡಬ್ಬಿ ತೆಗೆದ. ಬೆಳ್ಳಿ ಬಿಳುಪಿನ ದುಂಡು ಗಡಿಯಾರ, ಮೇಲೊಂದು ಪಿನ್ನು, ಸಣ್ಣ ಸರಪಳಿ. ಕಿವಿಗಿಟ್ಟರೆ ಹಕ್ಕಿಮರಿ ಕಾಳು ಕುಕ್ಕಿದಂಥ ಸದ್ದು. ಮೊಳೆಯಣ್ಣ ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತ. ಒಂದು ಕ್ಷಣ, ಒದ್ದೆ ಸೆರಗು, ಹೊಗೆಯ ವಾಸನೆ, ಪದ್ಯದ ಗುನುಗು ಎಲ್ಲ ಹತ್ತಿರ ಬಂದು ಹೋದಂತಾಯಿತು.

"ಇದೇ," ಎಂದ.

"ಉಲ್ಟಾ!" ಎಂದ ಗಡಗಡ.

ನೋಡಿದರೆ ಹೌದು. ಗಡಿಯಾರ ತಲೆಕೆಳಗಾಗಿ ನೇತಾಡುತ್ತಿತ್ತು. ಹನ್ನೆರಡು ಕೆಳಗೆ, ಆರು ಮೇಲೆ. ತಲೆಕೆಳಗಾದ ಅಕ್ಷರದಲ್ಲೇ ಆಯುಷ್ಯ ಕಳೆದ ಮೊಳೆಯಣ್ಣನಿಗೆ ಅದು ಗಮನಕ್ಕೇ ಬಂದಿರಲಿಲ್ಲ.

"ಏನ್ರೀ ಇದು, ತಪ್ಪಾಗಿ ಮಾಡಿರೋ ಮಾಲು ತೋರಿಸ್ತೀರಾ? ನಾವೇನು ಬಾವಲಿಗಳಾ?" ಎಂದು ಗಡಗಡ ಮೇಲೆ ಬಿದ್ದ.

ಮಾರಾಟಗಾರ ಬೆವತುಹೋದ. ಅವನೂ ಅಂಥದ್ದನ್ನು ಮಾರಿದವನಲ್ಲ. "ಕಾರ್ಖಾನೇಲೇ ಪಿನ್ನು ಉಲ್ಟಾ ಹಾಕಿಬಿಟ್ಟಿದ್ದಾರೆ ಸಾರ್. ತಾತ ಬಂದ ಕೂಡಲೇ ತಿರುಗಿಸಿ ಹಾಕಿಸ್ತೀನಿ. ಮಾದರಿಗೆ ಈ ಹಳೇದೂ ಇಲ್ಲೇ ಇರಲಿ. ಮೂರೂವರೆಗೆ ಬನ್ನಿ."

ಹೊರಗೆ ಬಂದಮೇಲೆ, "ಕೊಡೆ ಮರೆತೆ" ಎಂದು ಅಕ್ಕ ಮತ್ತೆ ಒಳಗೆ ಹೋದಳು. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಕೊಡೆಯೂ ಇಲ್ಲದೆ ಹೊರಬಂದಳು. ಮೊಳೆಯಣ್ಣನ ಗಮನ ಅಲ್ಲಿರಲಿಲ್ಲ.

ಮಧ್ಯಾಹ್ನವೆಲ್ಲ ಅವನು ತಪ್ಪೊಪ್ಪಿಗೆಯನ್ನು ಬರೆದ. ರದ್ದಿ ಕರಡಿನ ಬೆನ್ನಿಗೆ ಒಂದು ಪುಟ ಬರೆದು, ಅಭ್ಯಾಸಬಲದಿಂದ ಕೆಂಪು ಶಾಯಿ ಹಿಡಿದು ತಿದ್ದತೊಡಗಿದ. 'ಅರಿಯದ ವಯಸ್ಸಿನಲ್ಲಿ' ಎಂಬುದು ನೆಪ ಹೇಳಿದಂತಾಯಿತೆಂದು ಹೊಡೆದ. 'ಕ್ಷಮಿಸಿ' ಎರಡು ಸಲ ಬಂದಿತ್ತು, ಒಂದನ್ನು ತೆಗೆದ. ಮೂರು ಗಂಟೆಗೆ ಉಳಿದದ್ದು ಒಂದೇ ವಾಕ್ಯ: "ಅಜ್ಜಿಯ ಗಡಿಯಾರ ನಿಲ್ಲಿಸಿದವನು ನಾನು." ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.

ಮೂರೂವರೆಗೆ ಏಳಲು ಹೋದರೆ ಚಪ್ಪಲಿ ಇಲ್ಲ.

"ಎಲ್ಲಿಗೆ ಅಣ್ಣ? ಕೂತ್ಕೊಳ್ಳಿ, ಗಡಿಯಾರ ತಾನೇ ಬರುತ್ತೆ," ಎಂದಳು ಅಕ್ಕ, ಗೋಂದು ಡಬ್ಬಿಯ ಮೇಲೆ ಕಣ್ಣಿಟ್ಟು.

"ಅಜ್ಜೀದು ಅಲ್ಲಿದೆ ಕಣಮ್ಮ. ನಾನೇ ತರಬೇಕು."

"ಚಪ್ಪಲಿ ಇಲ್ದೆ ಹೆಂಗೆ ಹೋಗ್ತೀರಾ?" ಚಪ್ಪಲಿ ಬಚ್ಚಿಟ್ಟಿದ್ದ ಗಡಗಡ ಗುಟ್ಟು ಮುಚ್ಚಿಡಲು ಪಿಸುಗುಟ್ಟಿದ, ಅದು ಮೂರು ಮನೆಯಾಚೆಗೂ ಕೇಳಿಸಿತು.

ಹೀಗೇ ಹೋಗುತ್ತೇನೆ ಎಂದು ಮೊಳೆಯಣ್ಣ, ಮಷಿನ್ನಿನ ಬಳಿ ಬಿಟ್ಟಿದ್ದ ಗಡಗಡನದೇ ಬೂಟಿಗೆ ಕಾಲು ತೂರಿಸಿ ಹೊರಬಿದ್ದ. ಎರಡು ಅಳತೆ ದೊಡ್ಡದು, ಶಾಯಿ ಬೇರೆ ಮೆತ್ತಿದೆ. ಬಾತುಕೋಳಿ ಬಸ್ಸಿಗೆ ಓಡಿದಂತೆ ಪಟಪಟ ಸದ್ದು ಮಾಡುತ್ತ, ಬೀದಿಯುದ್ದಕ್ಕೂ ನೀಲಿ ಹೆಜ್ಜೆ ಅಚ್ಚೊತ್ತುತ್ತ ಅಂಗಡಿ ಮುಟ್ಟಿದ.

ಕಿಂಡಿಯ ಹಿಂದಿನಿಂದ ಬಿಳೀ ಹುಬ್ಬಿನ ತಾತ ತಲೆ ಹೊರಗೆ ಹಾಕಿದರು. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಇನ್ನೂ ತೆಗೆದಿರಲಿಲ್ಲ. "ಎದೆ ಗಡಿಯಾರದ ಪಿನ್ನು ತಿರುಗಿಸಿ ಅಂದ ಮಹಾನುಭಾವರು ನೀವೇನಾ?"

"ಅದು ಉಲ್ಟಾ ಇತ್ತು..."

"ಉಲ್ಟಾನೇ ಇರಬೇಕು ಕಣ್ರೀ! ಎದೆ ಮೇಲೆ ಹಾಕ್ಕೊಂಡೋರು ಬಗ್ಗಿ ನೋಡಿದ್ರೆ ನೆಟ್ಟಗೆ ಕಾಣಬೇಕಲ್ಲ. ಎದುರಿಗೆ ನಿಂತೋರಿಗೆ ತಲೆಕೆಳಗೇ ಕಾಣೋದು. ಗಡಿಯಾರ ಇರೋದು ಹಾಕ್ಕೊಂಡೋರಿಗೋ, ಬೀದಿಯೋರಿಗೋ?" ಎಂದು ಗದರಿ, ದನಿ ತಗ್ಗಿಸಿದರು. "ಇರಲಿ. ಹೊಸದು ಖಾನೆಗೆ ವಾಪಸು ಹೋಯ್ತು. ನಿಮ್ಮ ಅಕ್ಕ ಅನ್ನೋರು, ಹೊಸದು ಬೇಡ, ಅಮ್ಮನ ಹಳೇದನ್ನೇ ಓಡೋ ಹಾಗೆ ಮಾಡಿಕೊಡಿ ಅಂತ ಹೇಳಿದ್ರಂತೆ. ಮಾಡಿಟ್ಟೆ. ಆಗಲೇ ನಿಮ್ಮ ಯಜಮಾನರು ಬಂದು ತಗೊಂಡು ಹೋದ್ರು. ನಿಮಗೆ ಹೇಳಬಾರ್ದು ಅಂದಿದ್ರು. ನನ್ನ ಹತ್ರ ನಿಂತ ಗಡಿಯಾರನೂ ನಿಲ್ಲಲ್ಲ, ಗುಟ್ಟೂ ನಿಲ್ಲಲ್ಲ."

ಮೊಳೆಯಣ್ಣ ಕಿಂಡಿಯ ಅಂಚು ಹಿಡಿದುಕೊಂಡ. ಐವತ್ತೊಂದು ವರ್ಷದಲ್ಲಿ ಮೊದಲ ಸಲ, ಅವನ ನಾಲಿಗೆಯಿಂದ ಆ ಒಂದು ವಾಕ್ಯ ಜಾರಿತು. "ಅದನ್ನು ನಿಲ್ಲಿಸಿದವನು ನಾನು ತಾತ. ಏಳು ವರ್ಷದವನಿದ್ದಾಗ. ಹೇರ್‌ಪಿನ್ನಿನಲ್ಲಿ."

"ನೀವಾ?" ತಾತ ನಕ್ಕರು. "ಹೇರ್‌ಪಿನ್ನಿನ ಗೀರು ಮುಚ್ಚಳದ ಅಂಚಲ್ಲಿದೆ, ನೋಡಿದೆ. ಒಳಗೆ ಒಂದು ಹಲ್ಲೂ ಮುರಿದಿಲ್ಲ. ಸ್ಪ್ರಿಂಗೇ ಇರಲಿಲ್ಲ ಅದರಲ್ಲಿ. ಯಾರೋ ಕೈಯಾರೆ ಬಿಚ್ಚಿ ತೆಗೆದಿದ್ದಾರೆ. ಯಾರೋ ಅಂದ್ರೆ ನಮ್ಮಪ್ಪನೇ. ರಿಪೇರಿ ಮಾಡಿದೋರು ಮುಚ್ಚಳದ ಒಳಗೆ ಸೂಜಿಯಿಂದ ಬರೆದಿಡೋದು ನಮ್ಮ ಪದ್ಧತಿ." ತಮ್ಮ ಪುಸ್ತಕ ತಿರುಗಿಸಿ ತೋರಿಸಿದರು. "ನಕಲು ಮಾಡ್ಕೊಂಡಿದೀನಿ. ತಾರೀಕು, ಆಮೇಲೆ, 'ಸ್ಪ್ರಿಂಗ್ ತೆಗೆದಿದೆ. ಮುಳ್ಳು ಮುಟ್ಟಬಾರದು. ಅಮ್ಮನ ಮಾತು.'"

ಮೊಳೆಯಣ್ಣ ತಾರೀಕು ಓದಿದ. ಮತ್ತೆ ಓದಿದ. ಅವನು ಹುಟ್ಟಿದ ಮರುದಿನದ ತಾರೀಕು.

"ಹಾಗಾದ್ರೆ ನಾಲ್ಕೂ ಹತ್ತು...?"

"ನಾಲ್ಕೂ ಹತ್ತು ಯಾಕಾಗುತ್ತೆ? ಗಂಟೆ ಮುಳ್ಳು ಅಷ್ಟು ಮುಂದೆ ಇತ್ತಲ್ಲ, ನಾಲ್ಕೂ ಹತ್ತಕ್ಕೆ ಅದು ಅಲ್ಲಿರಲ್ಲ. ಎದುರಿಂದ ನೋಡಿದೋರಿಗೆ ಹಾಗೆ ಕಂಡಿರಬೇಕು. ಅಂಕಿ ಬೇರೆ ಅಳಿಸಿದೆ." ತಾತ ಎರಡು ಬೆರಳನ್ನು ಮುಳ್ಳಿನಂತೆ ಚಾಚಿ ತಲೆಕೆಳಗು ಮಾಡಿದರು. "ಅಮ್ಮ ಬಗ್ಗಿ ನೋಡಿದ್ರೆ ಅವರಿಗೆ ಕಾಣ್ತಿದ್ದದ್ದು ಹತ್ತೂ ನಲವತ್ತು."

ಹತ್ತೂ ನಲವತ್ತು.

ಮನೆಯ ಟ್ರಂಕಿನಲ್ಲಿ ಎರಡು ಕಾಗದಗಳಿದ್ದವು. ಒಂದು ಅವನ ಜನನದ್ದು: ಬೆಳಿಗ್ಗೆ ಹತ್ತೂ ಇಪ್ಪತ್ತು. ಇನ್ನೊಂದು ಅವನ ತಾಯಿಯ ಮರಣದ್ದು: ಅದೇ ಬೆಳಿಗ್ಗೆ, ಹತ್ತೂ ನಲವತ್ತು. ಹೆರಿಗೆ ಮಾಡಿಸಿದ್ದು ಅಜ್ಜಿಯೇ; ಹೋದವಳು ಅವಳ ಒಬ್ಬಳೇ ಮಗಳು. ತಾಯಿಯೂ ಅವನೂ ಈ ಲೋಕದಲ್ಲಿ ಒಟ್ಟಿಗಿದ್ದದ್ದು ಇಪ್ಪತ್ತು ನಿಮಿಷ.

ಅಜ್ಜಿ ಆ ಸತ್ತ ಗಡಿಯಾರವನ್ನು ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ತನಗೆ ನಾಚಿಕೆಯಾಗಲೆಂದೇ ನೋಡುತ್ತಾಳೆ ಎಂದುಕೊಂಡು ಪ್ರತಿ ಸಲವೂ ಅವನು ಕೋಣೆ ಬಿಟ್ಟು ಓಡುತ್ತಿದ್ದ. ಯಾರ ಮಗು ಹುಟ್ಟಿದರೂ, ಅವರೆಲ್ಲರ ಸಂತೋಷದ ಹೊತ್ತಿನಲ್ಲಿ, ಅವಳ ಎದೆಯ ಮೇಲೆ ಹತ್ತೂ ನಲವತ್ತೇ ಆಗಿರುತ್ತಿತ್ತು. ಅಕ್ಕನದೂ ಕಾಕತಾಳೀಯವಲ್ಲ. ತಲೆಕೆಳಗಾದದ್ದನ್ನು ಓದುವುದೇ ಕಸುಬಾದವನು ಇದೊಂದನ್ನು ಓದಲಿಲ್ಲ.

"ಆದ್ರೆ ತಾತ, ನಾನು ಚಿಕ್ಕವನಿದ್ದಾಗ ಟಿಕ್ ಟಿಕ್ ಅಂತ ಕೇಳಿದ್ದೀನಿ. ಈ ಕಿವಿಯಿಂದ. ಅಜ್ಜಿಯ ಎದೆ ಮೇಲೆ ಮಲಗಿದಾಗ."

ತಾತ ಭೂತಗನ್ನಡಿ ತೆಗೆದು ಅವನನ್ನು ನೋಡಿದರು. ತಮ್ಮ ಎದೆಯ ಎಡಗಡೆ ಅಂಗೈ ಇಟ್ಟು ಎರಡು ಸಲ ಮೆಲ್ಲಗೆ ತಟ್ಟಿದರು. 

ಮೊಳೆಯಣ್ಣ ಕೇಳಿದ: "ಮುಳ್ಳು... ಮುಟ್ಟಿದ್ರಾ?"

"ಮತ್ತೆ? ಓಡಿಸಿ ಅಂದ್ರಲ್ಲ. ಸರಿಯಾದ ಟೈಮಿಗೆ ಇಟ್ಟಿದ್ದೀನಿ. ಒಂದು ಸೆಕೆಂಡ್ ಹೆಚ್ಚುಕಮ್ಮಿ ಇಲ್ಲ."

ಬೂಟು ಪಟಪಟ ಎನ್ನುತ್ತ ಅವನು ಅಚ್ಚಿನ ಮನೆ ಮುಟ್ಟಿದಾಗ ಎಲ್ಲರೂ ಕಾಗದದ ರಾಶಿ ಸರಿಸಿ, ಬೆಂಚು ಹಾಕಿ ಕಾದಿದ್ದರು. ಯಜಮಾನರ ಕೈಯಲ್ಲಿ ಮಖಮಲ್ಲಿನ ಡಬ್ಬಿ. ಡಬ್ಬಿ ತೆರೆಯಿತು. ಅಜ್ಜಿಯ ಗಡಿಯಾರ, ಉಜ್ಜಿ ಥಳಥಳ ಹೊಳೆಯುತ್ತ, ಓಡುತ್ತಿತ್ತು.

"ಹೊಸದು ಯಾರು ಬೇಕಾದ್ರೂ ಕೊಡ್ತಾರೆ ಅಣ್ಣ," ಎಂದಳು ಅಕ್ಕ. ಅವಳ ಕಣ್ಣು ಒದ್ದೆಯಾಗಿತ್ತು. "ನಮ್ಮನ್ನೆಲ್ಲ ಈ ಲೋಕಕ್ಕೆ ಕರ್ಕೊಂಡು ಬಂದ ಗಡಿಯಾರ ನಿಂತು ಮೂಲೇಲಿ ಇರೋದಾ? ನನ್ನ ಮನಸ್ಸು ತಡೀಲಿಲ್ಲ."

ಮೊಳೆಯಣ್ಣ ಬಾಯಿ ತೆರೆದ. "ನಾನೊಂದು ತಪ್ಪು ಒಪ್ಪಿಕೊಳ್ಳಬೇಕು ಅಂತಿದ್ದೆ..."

"ಅಣ್ಣನ ಕರಡಲ್ಲಿ ತಪ್ಪು!" ಗಡಗಡ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವನಿಗೆ ತಿಳಿಯಿತು, ಒಪ್ಪಿಕೊಳ್ಳಲು ತನ್ನ ಬಳಿ ತಪ್ಪೇ ಉಳಿದಿಲ್ಲ. ಉಳಿದದ್ದನ್ನು ಹೇಳಿದರೆ, ಇವರೆಲ್ಲರ ಹುಟ್ಟಿನ ಹೊತ್ತು ಒಂದು ಸಾವಿನ ಹೊತ್ತಾಗುತ್ತದೆ. ಜೇಬಿನ ಕಾಗದವನ್ನು ಇನ್ನಷ್ಟು ಮಡಚಿದ.

ಗೋಡೆಯ ಗಡಿಯಾರ ನಾಲ್ಕೂ ಹತ್ತು ತೋರಿಸಿತು. ಅಕ್ಕ ಅವನ ಅಂಗಿಗೆ ಗಡಿಯಾರ ಸಿಕ್ಕಿಸಿದಳು. ಚಪ್ಪಾಳೆ. ಗಡಗಡ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, ಹೌಹಾರಿದ.

"ಅಯ್ಯಯ್ಯೋ! ಇದು ಹತ್ತೂ ನಲವತ್ತು ತೋರಿಸ್ತಿದೆ! ತಾತಂಗೆ ಕಣ್ಣು ಪೂರ್ತಿ ಹೋಗಿದೆ!"

"ಇಷ್ಟು ವರ್ಷ ಸರಿಯಾಗಿದ್ದ ಗಡಿಯಾರ ಕೆಡಿಸಿಬಿಟ್ಟನಲ್ಲ!" ಎಂದರು ಯಜಮಾನರು.

"ಬಿಡಿ ಸಾರ್, ನಾನಿಲ್ವಾ? ಅಂಥಾ ಮಷಿನ್ನೇ ನಡೆಸ್ತೀನಿ." ಬೇಡ ಎನ್ನುವುದರೊಳಗೆ ಗಡಗಡ ಶಾಯಿ ಬೆರಳಿನಲ್ಲಿ ಗುಂಡಿ ಎಳೆದು, ಮುಳ್ಳು ತಿರುಗಿಸಿ, ತನ್ನ ಕಣ್ಣಿಗೆ ನಾಲ್ಕೂ ಹತ್ತು ಕಾಣುವಂತೆ ನಿಲ್ಲಿಸಿ, ಗುಂಡಿ ಒತ್ತಿದ. "ಈಗ ನೋಡ್ಕೊಳ್ಳಿ ಅಣ್ಣ. ಸರೀನಾ?"

ಮೊಳೆಯಣ್ಣ ಗಲ್ಲ ಎದೆಗೊತ್ತಿ ಬಗ್ಗಿ ನೋಡಿದ, ಅಜ್ಜಿ ನೋಡುತ್ತಿದ್ದಂತೆ.

ಹತ್ತೂ ನಲವತ್ತು.

"ಸರಿ," ಎಂದ.

ಅವನ ತುಟಿಗೆ ಒಂದು ಪದ್ಯ ಬಂತು. ಆರು ಸಾಲು. ಜನರ ನಗು, ಮಾತು, ಬೆಂಚಿನ ಸದ್ದಿನ ನಡುವೆ ಮೆಲ್ಲಗೆ ಹೇಳಿಕೊಂಡ. ಐದನೆಯ ಸಾಲು ಮುಗಿಯುವಷ್ಟರಲ್ಲಿ, ಎದೆಯ ಮೇಲೆ ಮುಳ್ಳು ಸಣ್ಣಗೆ ನಡುಗಿ ಒಂದು ನಿಮಿಷದಷ್ಟು ಮುಂದೆ ಸರಿಯಿತು.

ಹತ್ತೂ ನಲವತ್ತೊಂದು. ಅಜ್ಜಿ ಬದುಕಿರುವವರೆಗೆ ಬರಗೊಡದಿದ್ದ ನಿಮಿಷ.

"ನೋಡಿ, ನೋಡಿ! ಎಷ್ಟು ಚೆನ್ನಾಗಿ ಓಡ್ತಿದೆ!" ಎಂದು ಕೂಗಿದ ಗಡಗಡ.